ಗಡಿಯಾರ ನೋಡದ ಡ್ರಮ್ಮರ್

ದುಡ್ಡು ಕೊಡ್ತೀವಿ, ಬಂದು ಬಾರಿಸಿ ಅಂದಿದ್ದಕ್ಕೇ ಬ್ಯಾಂಡ್ ಬಿಟ್ಟು ಹೋದ ಒಬ್ಬ ಡ್ರಮ್ಮರ್ ಇದ್ದ. ಹೆಸರು ಆಂಗಸ್ ಮ್ಯಾಕ್‌ಲೈಸ್. ಬಿಟ್ಟಿದ್ದು ಯಾವುದೋ ಗಲ್ಲಿ ಬ್ಯಾಂಡ್ ಅಲ್ಲ, ದಿ ವೆಲ್ವೆಟ್ ಅಂಡರ್‌ಗ್ರೌಂಡ್. ರಾಕ್ ಸಂಗೀತದಲ್ಲಿ ಪ್ರಯೋಗ ಅನ್ನೋ ಮಾತು ಬಂದ ಕೂಡಲೇ ಮೊದಲು ನೆನಪಾಗುವ ಹೆಸರುಗಳಲ್ಲಿ ಅದೂ ಒಂದು. ನಮ್ಮ ಫೆಸ್ಟ್‌ಗೆ ಬರುವ ಬ್ಯಾಂಡ್‌ಗಳ ಟೀ ಶರ್ಟ್ ಮೇಲೆ ಒಂದು ಹಳದಿ ಬಾಳೆಹಣ್ಣಿನ ಚಿತ್ರ ನೋಡಿರ್ತೀರಲ್ಲ, ಅದು ಅವರ 1967ರ ಮೊದಲ ಆಲ್ಬಮ್ಮಿನ ಮುಖಪುಟ. ಬಿಡಿಸಿದ್ದು ಆಂಡಿ ವಾರ್ಹಾಲ್. ಆ ಆಲ್ಬಮ್ಮಿನಲ್ಲಿ ಆಂಗಸ್ ಬಾರಿಸಿದ ಒಂದೇ ಒಂದು ಪೆಟ್ಟೂ ಇಲ್ಲ.

ಹುಟ್ಟಿದ್ದು 1938ರ ಮಾರ್ಚ್ 14ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್‌ನಲ್ಲಿ. ಶಾಲೆಯಲ್ಲಿ ಜೊತೆಗಿದ್ದ ಗೆಳೆಯ ಪಿಯೆರೋ ಹೆಲಿಟ್ಸರ್ ಮುಂದೆ ಕವಿಯಾದ, ಸಿನಿಮಾನೂ ಮಾಡಿದ. ಇಪ್ಪತ್ತರ ವಯಸ್ಸಿನ ಆಸುಪಾಸಿನಲ್ಲಿ ಇಬ್ಬರೂ ಪ್ಯಾರಿಸ್ ಸೇರಿ ಡೆಡ್ ಲಾಂಗ್ವೇಜ್ ಪ್ರೆಸ್ ಅಂತ ಒಂದು ಪುಟ್ಟ ಪ್ರಕಾಶನ ಶುರು ಮಾಡಿದರು. ಅಂದರೆ ಆಂಗಸ್ ಮೊದಲು ಕವಿ, ಆಮೇಲೆ ಡ್ರಮ್ಮರ್. ಇದು ತಲೆಯಲ್ಲಿರಲಿ, ಇಲ್ಲದಿದ್ದರೆ ಮುಂದಿನದ್ದೆಲ್ಲ ಬರೀ ಹುಚ್ಚಾಟದ ಹಾಗೆ ಕಾಣುತ್ತೆ.

ಆ ಪ್ರಕಾಶನದಿಂದ 1962ರಲ್ಲಿ ಅವನ ಒಂದು ವಿಚಿತ್ರ ಪುಸ್ತಕ ಬಂತು. ಹೆಸರು ‘ಇಯರ್’. ವರ್ಷದ ಒಂದೊಂದು ದಿನಕ್ಕೂ ಅವನೇ ಒಂದು ಹೊಸ ಹೆಸರಿಟ್ಟಿದ್ದ. ಸೋಮವಾರ, ಮಂಗಳವಾರ, ಜನವರಿ ಒಂದು, ಎರಡು, ಇದ್ಯಾವುದೂ ಇಲ್ಲ. ಕ್ಯಾಲೆಂಡರೇ ಕವಿತೆ. ಉದಯಗಿರಿಯಲ್ಲಿ ರೂಮ್ ಮಾಡಿಕೊಂಡಿರುವ ನಮ್ಮಂಥವರಿಗೆ ಇದು ತೀರಾ ವಿಚಿತ್ರ ಅನ್ನಿಸಬೇಕಿಲ್ಲ. ಇಲ್ಲಿ ಅಂಗಡಿಯ ಒಂದು ಗೋಡೆಯಲ್ಲಿ ಹಿಜ್ರಿ ತಿಂಗಳ ಕ್ಯಾಲೆಂಡರ್, ಪಕ್ಕದ ಮನೆಯಲ್ಲಿ ತಿಥಿ ನಕ್ಷತ್ರದ ಪಂಚಾಂಗ, ನಮ್ಮ ಮೊಬೈಲಲ್ಲಿ ಇಂಟರ್ನಲ್ಸ್ ದಿನಾಂಕ. ಒಂದೇ ಬೀದಿಯಲ್ಲಿ ಮೂರು ಥರದ ಕಾಲ ಓಡ್ತಾ ಇರುತ್ತೆ. ದಿನಗಳನ್ನು ಎಣಿಸೋಕೆ ಒಂದೇ ದಾರಿ ಇಲ್ಲ ಅನ್ನೋದು ನಮಗೆ ದಿನಾ ಕಾಣುವ ಸಂಗತಿ. ಆಂಗಸ್ ನಾಲ್ಕನೆಯ ದಾರಿ ಮಾಡಿಕೊಂಡ, ಅಷ್ಟೇ. ಮತ್ತು ಅದನ್ನು ತಮಾಷೆಗೆ ಮಾಡಲಿಲ್ಲ. ತಾನು ಬರೆದದ್ದಕ್ಕೂ ರೆಕಾರ್ಡ್ ಮಾಡಿದ್ದಕ್ಕೂ ಅದೇ ದಿನಗಳ ಹೆಸರು ಹಾಕುತ್ತಿದ್ದ.

ಆಗ ನ್ಯೂಯಾರ್ಕ್‌ನಲ್ಲಿ ಲಾ ಮಾಂಟ್ ಯಂಗ್ ಎಂಬ ಸಂಯೋಜಕ ಒಂದು ಗುಂಪು ಕಟ್ಟುತ್ತಿದ್ದ. ಅದಕ್ಕೆ ಥಿಯೇಟರ್ ಆಫ್ ಇಟರ್ನಲ್ ಮ್ಯೂಸಿಕ್ ಅನ್ನೋ ಹೆಸರು ನಿಂತಿತು. ಅಲ್ಲಿ ಹಾಡಿಲ್ಲ, ಪಲ್ಲವಿ ಇಲ್ಲ. ಒಂದೆರಡು ಸ್ವರ ಹಿಡಿದು ಗಂಟೆಗಟ್ಟಲೆ ನಿಲ್ಲಿಸುವುದೇ ಸಂಗೀತ. ನಮ್ಮ ಕಚೇರಿಯಲ್ಲಿ ಹಿಂದೆ ಕೂತ ತಂಬೂರಿ ಇದೆಯಲ್ಲ, ಅದನ್ನು ಎಳೆದು ತಂದು ಮುಂದೆ ಕೂರಿಸಿ, ಗಾಯಕರನ್ನು ಮನೆಗೆ ಕಳಿಸಿದರೆ ಹೇಗೋ ಹಾಗೆ. ಸ್ವರಗಳ ಆವರ್ತನಗಳು ಪೂರ್ಣಾಂಕಗಳ ಅನುಪಾತದಲ್ಲಿರಬೇಕು, 3:2, 7:4 ಹೀಗೆ. ಆಗ ಅವು ಒಂದಕ್ಕೊಂದು ಅಂಟಿಕೊಂಡು, ಯಾರೂ ನುಡಿಸದ ಸ್ವರಗಳೂ ಕಿವಿಗೆ ಬೀಳೋಕೆ ಶುರುವಾಗುತ್ತೆ. ಮುಂದೆ ಈ ಗುಂಪು ಅಮೆರಿಕದ ಕರೆಂಟಿನ 60 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೇ ಶ್ರುತಿಯಾಗಿ ಇಟ್ಟುಕೊಂಡಿತು. ನಮ್ಮ ಎಲೆಕ್ಟ್ರಿಕಲ್ ಬ್ರಾಂಚಿನವರು ಗಮನಿಸಿ, ಇಲ್ಲಿ ಮಾಡಿದ್ದರೆ 50 ಹರ್ಟ್ಸ್, ಶ್ರುತಿ ಸ್ವಲ್ಪ ಕೆಳಗೆ ಬರ್ತಿತ್ತು. ಲಾ ಮಾಂಟ್ ಯಂಗ್ 1970ರ ಹೊತ್ತಿಗೆ ಪಂಡಿತ್ ಪ್ರಾಣನಾಥರ ಶಿಷ್ಯನೇ ಆಗಿಬಿಟ್ಟ. ಹಾಗಾಗಿ ತಂಬೂರಿಯ ಹೋಲಿಕೆ ನಾನು ಸುಮ್ಮನೆ ಎಳೆದು ತಂದದ್ದಲ್ಲ.

ಈ ಗುಂಪಿನ ಮೊದಲ ದಿನಗಳಲ್ಲಿ ಕೈವಾದ್ಯ ಆಂಗಸ್‌ನದು. ಲಾ ಮಾಂಟ್ ಸ್ಯಾಕ್ಸೋಫೋನಿನಲ್ಲಿ ಸ್ವರಗಳನ್ನು ಸುರಿಯುತ್ತಿದ್ದರೆ ಆಂಗಸ್ ಬೋಂಗೋದಂಥ ಕೈಡೋಲುಗಳ ಮೇಲೆ ಬೆರಳು ಓಡಿಸುತ್ತಿದ್ದ. ಉಳಿದಿರುವ ರೆಕಾರ್ಡಿಂಗ್ ಕೇಳಿದರೆ ಗೊತ್ತಾಗುತ್ತೆ, ಅದು ಒಂದು ಎರಡು ಮೂರು ನಾಲ್ಕು ಅಂತ ಎಣಿಸುವ ರಾಕ್ ಬಡಿತ ಅಲ್ಲ. ಸಮ ಎಲ್ಲಿ ಬಿತ್ತು ಅಂತ ಹುಡುಕಿದರೆ ಸಿಗಲ್ಲ. ಮಳೆ ಶೀಟಿನ ಮೇಲೆ ಬಿದ್ದ ಹಾಗೆ, ನಿಲ್ಲದೆ, ದಟ್ಟವಾಗಿ ಹೋಗ್ತಾ ಇರುತ್ತೆ. ನನಗಂತೂ ಅವನ ಅಸಲಿ ಕೆಲಸ ಅಂದರೆ ಇದೇ. ವೆಲ್ವೆಟ್ಸ್ ಕಥೆ ಅದರ ಮುಂದೆ ಉಪಕಥೆ. 1964ರಲ್ಲಿ ಅವನು ಗುಂಪು ಬಿಟ್ಟು ಪೂರ್ವದ ದೇಶಗಳ ಕಡೆ ತಿರುಗಾಟಕ್ಕೆ ಹೊರಟ. ಅವನ ಜಾಗಕ್ಕೆ ಇನ್ನೊಬ್ಬ ವಾದ್ಯಗಾರ ಬರಲಿಲ್ಲ. ಗುಂಪಿನಿಂದ ತಾಳವೇ ಹೋಯಿತು, ಬರೀ ಶ್ರುತಿ ಉಳಿಯಿತು. ಆದರೂ ಲಾ ಮಾಂಟ್ ತನ್ನ ಎಷ್ಟೋ ಕಛೇರಿಗಳ ಧ್ವನಿಮುದ್ರಿಕೆಗೆ ಹೆಸರಿಡುವಾಗ ಆಂಗಸ್‌ನ ಕ್ಯಾಲೆಂಡರಿನ ದಿನಗಳನ್ನೇ ಬಳಸಿದ.

1965ಕ್ಕೆ ವಾಪಸ್ ಬಂದ. ಮ್ಯಾನ್‌ಹ್ಯಾಟನ್ನಿನ ಲಡ್ಲೋ ಸ್ಟ್ರೀಟ್, ಬಡವರ ಬೀದಿ, 56ನೇ ನಂಬರಿನ ಕಟ್ಟಡ. ಅಲ್ಲಿ ಅದೇ ಹಳೇ ಗುಂಪಿನ ಜಾನ್ ಕೇಲ್ ಇದ್ದ, ವಯೋಲಾ ನುಡಿಸೋನು. ಜೊತೆಗೆ ಲೂ ರೀಡ್, ಹಾಡು ಕಟ್ಟೋನು. ಗಿಟಾರಿಗೆ ಸ್ಟರ್ಲಿಂಗ್ ಮಾರಿಸನ್. ನಾಲ್ಕನೆಯವನು ಆಂಗಸ್. ಬ್ಯಾಂಡಿಗೆ ಒಂದೆರಡು ಹೆಸರು ಇಟ್ಟು ಬಿಟ್ಟರು, ಕೊನೆಗೆ ಟೋನಿ ಕಾನ್ರಾಡ್ ಎಂಬ ಗೆಳೆಯನ ಕೈಲಿದ್ದ ಒಂದು ಅಗ್ಗದ ಪುಸ್ತಕದ ಹೆಸರೇ ನಿಂತಿತು, ದಿ ವೆಲ್ವೆಟ್ ಅಂಡರ್‌ಗ್ರೌಂಡ್. ಸಿನಿಮಾ ತೋರಿಸುವಾಗ ಪರದೆಯ ಹಿಂದೆ ನಿಂತು ನುಡಿಸುವುದು ಅವರ ಆಗಿನ ಕೆಲಸ. ಚಿತ್ರ ಓಡುವವರೆಗೆ ಸಂಗೀತ, ಹಾಡಿಗೆ ಇಷ್ಟೇ ನಿಮಿಷ ಅಂತಿಲ್ಲ. ಅಂಥಾದ್ದು ಆಂಗಸ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಅಭ್ಯಾಸಕ್ಕೆ ಇಷ್ಟು ಗಂಟೆಗೆ ಬಾ ಅಂದರೆ ಬರೋ ಆಸಾಮಿ ಅಲ್ಲ ಅವನು. ಆ ಜುಲೈನಲ್ಲಿ ಉಳಿದ ಮೂವರೂ ಮನೆಯಲ್ಲೇ ಕೂತು ಮಾಡಿದ ಮೊದಲ ಟೇಪುಗಳಲ್ಲೂ ಅವನಿಲ್ಲ.

ಡಿಸೆಂಬರ್ 11ಕ್ಕೆ ಮೊದಲ ದುಡ್ಡಿನ ಕಾರ್ಯಕ್ರಮ ಒಪ್ಪಿಕೊಂಡರು. ನ್ಯೂಜೆರ್ಸಿಯ ಸಮಿಟ್ ಹೈಸ್ಕೂಲ್, ಸಂಭಾವನೆ 75 ಡಾಲರ್, ಅದೂ ಇಡೀ ಬ್ಯಾಂಡಿಗೆ. ಆಂಗಸ್‌ಗೆ ಸಿಟ್ಟು ಬಂದದ್ದು ಮೊತ್ತಕ್ಕಲ್ಲ. ಇಷ್ಟು ಹೊತ್ತಿಗೆ ಶುರು ಮಾಡಬೇಕು, ಇಷ್ಟು ಹೊತ್ತಿಗೆ ನಿಲ್ಲಿಸಬೇಕು ಅಂತ ಇನ್ಯಾರೋ ಹೇಳೋದು ಅವನಿಗೆ ಅರ್ಥವೇ ಆಗಲಿಲ್ಲ. ಹೊರಟೇ ಹೋದ. ಕಾರ್ಯಕ್ರಮ ತಲೆ ಮೇಲೆ ಕೂತಿರುವಾಗ ಡ್ರಮ್ಮರ್ ಕೈಕೊಟ್ಟರೆ ಉಳಿದವರ ಪಾಡೇನು, ಅದನ್ನೂ ಯೋಚಿಸಿ. ಲೂ ರೀಡ್‌ಗೆ ಈ ಗಾಯ ಬೇಗ ಮಾಯಲಿಲ್ಲ.

ಓಡಾಡಿ ಹುಡುಕಿ ಕರೆತಂದದ್ದು ಮೊರೀನ್ ಟಕರ್‌ಳನ್ನು, ಸ್ಟರ್ಲಿಂಗ್‌ನ ಗೆಳೆಯನ ತಂಗಿ. ಆಕೆ ಐಬಿಎಂನಲ್ಲಿ ಕೀಪಂಚ್ ಆಪರೇಟರ್ ಆಗಿದ್ದಳು, ಅಂದರೆ ಕಂಪ್ಯೂಟರಿಗೆ ಹಾಕುವ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುವ ಕೆಲಸ. ಬೇಸ್ ಡ್ರಮ್ಮನ್ನು ಮಲಗಿಸಿ, ನಿಂತುಕೊಂಡೇ, ಸಿಂಬಲ್ ಬಹುತೇಕ ಮುಟ್ಟದೆ, ಮೆಷಿನ್ನಿನ ಹಾಗೆ ಒಂದೇ ಸಮ ಹೊಡೆಯುತ್ತಿದ್ದಳು. ಆಂಗಸ್‌ನ ಮಳೆಗೆ ಪೂರ್ತಿ ಉಲ್ಟಾ. ಒಂದು ಮಾತು ಒಪ್ಪಲೇಬೇಕು. ವೆಲ್ವೆಟ್ಸ್ ಇವತ್ತಿಗೂ ನಮಗೆ ಗೊತ್ತಿರೋದಕ್ಕೆ ಟಕರ್‌ಳ ಆ ಸರಳ ಬಡಿತವೂ ಒಂದು ಕಾರಣ. ಆಂಗಸ್ ಇದ್ದಿದ್ದರೆ ಬ್ಯಾಂಡ್ ಇನ್ನೂ ವಿಚಿತ್ರವಾಗಿರುತ್ತಿತ್ತು, ಆದರೆ ಆ ಹಾಡುಗಳು ಆ ರೂಪದಲ್ಲಿ ನಿಲ್ಲುತ್ತಿದ್ದವಾ? ನನಗೆ ಅನುಮಾನ.

ಒಮ್ಮೆ ವಾಪಸ್ ಬಂದ, ಕೆಲವೇ ದಿನಕ್ಕೆ. 1966ರ ಬೇಸಿಗೆಯಲ್ಲಿ ಲೂ ರೀಡ್ ಕಾಮಾಲೆ ಬಂದು ಆಸ್ಪತ್ರೆ ಸೇರಿದಾಗ, ಶಿಕಾಗೋ ಕಾರ್ಯಕ್ರಮಗಳಿಗೆ ಕೇಲ್ ಹಾಡಿದ, ಟಕರ್ ಬೇಸ್ ಗಿಟಾರ್ ಹಿಡಿದಳು, ಡ್ರಮ್ಸ್ ಆಂಗಸ್‌ಗೆ ಬಂತು. ಅಲ್ಲೊಂದು ಸಲ ಅವನು ಅರ್ಧ ಗಂಟೆ ತಡವಾಗಿ ಬಂದನಂತೆ, ಬಾಕಿ ತೀರಿಸೋಕೆ ಎಲ್ಲರೂ ನಿಲ್ಲಿಸಿದ ಮೇಲೂ ಅರ್ಧ ಗಂಟೆ ಒಬ್ಬನೇ ಬಾರಿಸಿದನಂತೆ. ಲೆಕ್ಕ ಸರಿಯಾಗೇ ಇದೆ ನೋಡಿ! ಈಗ ಬ್ಯಾಂಡಿಗೆ ಹೆಸರೂ ಬರುತ್ತಿತ್ತು, ಆಂಗಸ್‌ಗೂ ಉಳಿಯುವ ಆಸೆ ಇತ್ತು. ಲೂ ರೀಡ್ ಒಪ್ಪಲಿಲ್ಲ.

ಆಮೇಲಿನ ಬದುಕು ಅಲೆಮಾರಿಯದು. ಹೆಟ್ಟಿ ಎಂಬ ಚಿತ್ರಕಲಾವಿದೆಯನ್ನು ಮದುವೆಯಾದ. 1968ರಲ್ಲಿ ಗೆಳೆಯ ಐರಾ ಕೋಹೆನ್ ಮಾಡಿದ ‘ದಿ ಇನ್ವೇಷನ್ ಆಫ್ ಥಂಡರ್‌ಬೋಲ್ಟ್ ಪಗೋಡಾ’ ಎಂಬ ಚಿತ್ರಕ್ಕೆ ಸಂಗೀತ ಕೊಟ್ಟ. ಎಪ್ಪತ್ತರ ದಶಕದಲ್ಲಿ ಕಠ್ಮಂಡು ಸೇರಿದ. ಐರಾ ಕೋಹೆನ್ ಕೂಡ ಅಲ್ಲಿಗೆ ಬಂದ. ನೇಪಾಳದ ಕೈಯಿಂದ ಮಾಡಿದ ಕಾಗದ, ಮರದ ಅಚ್ಚು, ಇವನ್ನಿಟ್ಟುಕೊಂಡು ಆ ಗೆಳೆಯರ ಬಳಗ ಸಣ್ಣ ಸಣ್ಣ ಕವಿತೆ ಪುಸ್ತಕ ಅಚ್ಚು ಹಾಕಿತು. ಪ್ರತಿಗಳು ಕೆಲವೇ. ಇವತ್ತು ಅವನ್ನು ಸಂಗ್ರಹಕಾರರು ಹುಡುಕಿಕೊಂಡು ಅಲೆಯುತ್ತಾರೆ. ಆಗ ಅದನ್ನು ಮಾಡಿದವನ ಬಳಿ ದುಡ್ಡಿರಲಿಲ್ಲ. ಮಗನನ್ನು ಟಿಬೆಟಿನ ಬೌದ್ಧರು ಒಬ್ಬ ಲಾಮಾನ ಪುನರ್ಜನ್ಮ ಅಂತ ಗುರುತಿಸಿದರು, ಹುಡುಗ ಚಿಕ್ಕಂದಿನಲ್ಲೇ ಸ್ವಯಂಭೂ ಸ್ತೂಪದ ಬಳಿ ಭಿಕ್ಷುವಾಗಿ ಬೆಳೆದ.

ಇದನ್ನೆಲ್ಲ ಚೆಂದದ ಕಥೆಯಂತೆ ಹೇಳಿಬಿಡೋದು ಸುಲಭ. ಹಿಮಾಲಯ, ಕವಿ, ಡೋಲು, ಸ್ವಾತಂತ್ರ್ಯ ಅಂತ. ಆದರೆ ಅವನ ದೇಹ ಸೋತಿತ್ತು. ವರ್ಷಗಟ್ಟಲೆ ಮಾದಕ ವಸ್ತು, ಸರಿಯಾಗಿ ಊಟ ಇಲ್ಲ, ಮೇಲೆ ಕ್ಷಯ. ರಕ್ತದಲ್ಲಿ ಸಕ್ಕರೆ ಅಂಶ ಕುಸಿದು, ಶ್ವಾಸಕೋಶದ ಕ್ಷಯವೂ ಸೇರಿ, 1979ರ ಜೂನ್ 21ರಂದು ಕಠ್ಮಂಡುವಿನ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 41. ಅಲ್ಲೇ ದಹನ ಮಾಡಿದರು.

ಬದುಕಿದ್ದಾಗ ಅವನ ಸಂಗೀತದ ಒಂದು ಪೂರ್ತಿ ಆಲ್ಬಮ್ಮೂ ಅಂಗಡಿಗೆ ಬರಲಿಲ್ಲ. ಬಿಟ್ಟು ಹೋದದ್ದು ಟೇಪುಗಳು, ಹಸ್ತಪ್ರತಿಗಳು, ಅಲ್ಲಲ್ಲಿ ಗೆಳೆಯರ ಮನೆಗಳಲ್ಲಿ. ವೆಲ್ವೆಟ್ ಅಂಡರ್‌ಗ್ರೌಂಡ್ 1996ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿತು. ಅದಾದ ಮೂರು ವರ್ಷಕ್ಕೆ, 1999ರಲ್ಲಿ, ಥಂಡರ್‌ಬೋಲ್ಟ್ ಪಗೋಡಾ ಸಂಗೀತ ಸಿಡಿಯಾಗಿ ಬಂತು, ಹಿಂದೆಯೇ ಇನ್ನೂ ಒಂದೆರಡು ಬಂದವು. 2011ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಕೈಬರಹ, ಪುಸ್ತಕ, ಟೇಪುಗಳ ದೊಡ್ಡ ಪ್ರದರ್ಶನವೇ ನಡೆಯಿತು. ಈಗ ಹುಡುಕಿದರೆ ಆನ್‌ಲೈನಲ್ಲೂ ಸಿಗುತ್ತೆ. ಕೇಳೋದಾದರೆ ಹೆಡ್‌ಫೋನ್ ಹಾಕಿಕೊಂಡು, ರಾತ್ರಿ, ಮಾರನೇ ದಿನ ಲ್ಯಾಬ್ ಇಲ್ಲದಿರುವಾಗ ಕೇಳಿ. ಮೊದಲ ಐದು ನಿಮಿಷ ಏನಪ್ಪಾ ಇದು ಅನ್ನಿಸುತ್ತೆ. ಹತ್ತನೇ ನಿಮಿಷದ ಹೊತ್ತಿಗೆ ಟೈಮ್ ನೋಡೋದು ಬಿಟ್ಟಿರ್ತೀರಿ.