ಒಂದೇ ಕುದುರೆಯಲ್ಲಿ 64 ಮನೆ ಸುತ್ತಿದ ಅರಸರು: ಮುಮ್ಮಡಿ ಕೃಷ್ಣರಾಜ ಒಡೆಯರು



ಚದುರಂಗ ಅಂದ್ರೆ ಇಬ್ಬರು ಎದುರುಬದುರು ಕೂತು ಆಡುವ ಆಟ ಎಂದು ನಮಗೆಲ್ಲ ಗೊತ್ತು. ಮಳೆಗಾಲದಲ್ಲಿ ನಾವು ಆಡುವ ಚೆನ್ನೆಮಣೆಗೂ ಸಾಮಾನ್ಯವಾಗಿ ಜೊತೆಗೆ ಒಬ್ಬರು ಬೇಕು. ಆದರೆ ಚದುರಂಗದ ಮಣೆಯ ಮೇಲೆ ಒಂದೇ ಒಂದು ಕುದುರೆ ಇಟ್ಟುಕೊಂಡು ಒಬ್ಬರೇ ಆಡುವ ಆಟವೂ ಇದೆ. ಸೋತರೆ ನಗುವವರಿಲ್ಲ, ಗೆದ್ದರೆ ಚಪ್ಪಾಳೆ ಹೊಡೆಯುವವರೂ ಇಲ್ಲ. ಈ ಆಟದಲ್ಲಿ ಪ್ರಪಂಚಕ್ಕೇ ಹೆಸರಾದ ಅರಸರೊಬ್ಬರು ನಮ್ಮ ಕರ್ನಾಟಕದಲ್ಲಿ ಇದ್ದರು. ಅವರೇ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಮುಮ್ಮಡಿ ಅಂದ್ರೆ ಮೂರನೆಯವರು.

ಇವರು 1794ನೇ ಇಸವಿ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ತಂದೆ ಖಾಸಾ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿ. ಮಗುವಿಗೆ ಎರಡು ವರ್ಷ ಆಗುವಾಗಲೇ ತಂದೆ ತೀರಿಹೋದರು. ಆಗ ರಾಜ್ಯ ಟಿಪ್ಪು ಸುಲ್ತಾನರ ಕೈಯಲ್ಲಿತ್ತು. 1799ರ ಮೇ 4ರಂದು ಟಿಪ್ಪು ಯುದ್ಧದಲ್ಲಿ ಮಡಿದರು. ಜೂನ್ 30ರಂದು ಬ್ರಿಟಿಷರು ಈ ಹುಡುಗನನ್ನು ಮೈಸೂರಿನಲ್ಲಿ ಸಿಂಹಾಸನದ ಮೇಲೆ ಕೂರಿಸಿದರು. ಆಗ ಅವರಿಗೆ ಐದು ವರ್ಷವೂ ತುಂಬಿರಲಿಲ್ಲ! ನಮ್ಮಲ್ಲಾದರೆ ಒಂದನೇ ಕ್ಲಾಸಿಗೂ ಸೇರಿಸುವುದಿಲ್ಲ. ಅಜ್ಜಿ ಲಕ್ಷ್ಮಮ್ಮಣ್ಣಿಯವರು ಹುಡುಗನನ್ನು ನೋಡಿಕೊಂಡರೆ, ರಾಜ್ಯವನ್ನು ದಿವಾನ್ ಪೂರ್ಣಯ್ಯನವರು ನೋಡಿಕೊಂಡರು. ಅರಸರಿಗೆ ಹದಿನಾರು ತುಂಬಿದ ಮೇಲೆ ಅಧಿಕಾರ ಅವರ ಕೈಗೆ ಬಂತು.

ಇಲ್ಲಿ ಒಂದು ವಿಷಯ ಹೇಳಬೇಕು. ಅದೇ 1799ರಲ್ಲಿ ನಮ್ಮ ಕೆನರಾ ಸೀಮೆಯನ್ನು ಬ್ರಿಟಿಷರು ತಾವೇ ಇಟ್ಟುಕೊಂಡರು. ಹಾಗಾಗಿ ನಮ್ಮ ಶಂಕರನಾರಾಯಣ ಈ ಅರಸರ ರಾಜ್ಯಕ್ಕೆ ಸೇರಿರಲಿಲ್ಲ. ಆದರೆ ನಮ್ಮ ಘಟ್ಟ ಹತ್ತಿದರೆ ಸಿಗುವ ನಗರ ಸೀಮೆ ಅವರದ್ದೇ ಆಗಿತ್ತು. ಅವರ ಕಷ್ಟ ಜೋರಾದದ್ದೂ ಅಲ್ಲಿಂದಲೇ. ಕಂದಾಯದ ಹೊರೆ ತಾಳಲಾರದೆ 1830ರಲ್ಲಿ ನಗರದ ರೈತರು ದಂಗೆ ಎದ್ದರು. ಆಡಳಿತ ಸರಿ ಇಲ್ಲ, ಖರ್ಚು ಜಾಸ್ತಿ ಎಂಬ ಕಾರಣ ಕೊಟ್ಟು 1831ರಲ್ಲಿ ಬ್ರಿಟಿಷರು ಅಧಿಕಾರವನ್ನೇ ಕಿತ್ತುಕೊಂಡರು. ರೈತರ ಕಷ್ಟ ಸುಳ್ಳಲ್ಲ, ಅದರಲ್ಲಿ ಅರಸರ ತಪ್ಪೂ ಇತ್ತು ಅಂತ ನನಗೆ ಅನ್ನಿಸುತ್ತದೆ. ಆದರೆ ತಪ್ಪು ತಿದ್ದಿಕೊಳ್ಳಲು ಅವರಿಗೆ ಮತ್ತೆ ಅವಕಾಶವನ್ನೇ ಕೊಡಲಿಲ್ಲ. ಆಗ ಅವರಿಗೆ 37 ವರ್ಷ. ಇನ್ನೂ 36 ವರ್ಷಕ್ಕಿಂತ ಹೆಚ್ಚು ಬದುಕಿದರು. ಅರಮನೆ ಇತ್ತು, ದಸರಾ ಇತ್ತು, ಅರಸರು ಎಂಬ ಹೆಸರಿತ್ತು. ರಾಜ್ಯ ಆಳುವ ಕೆಲಸ ಮಾತ್ರ ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಮೂಲೆಯಲ್ಲಿ ಕೂತು ಬೇಜಾರು ಮಾಡುತ್ತಿದ್ದರೇನೋ. ಇವರು ಕವಿಗಳನ್ನೂ ಚಿತ್ರಕಾರರನ್ನೂ ಸೇರಿಸಿಕೊಂಡು ಪುಸ್ತಕ ಬರೆಸಿದರು. ಶ್ರೀತತ್ತ್ವನಿಧಿ ಎಂಬ ದೊಡ್ಡ ಗ್ರಂಥದಲ್ಲಿ ಒಂಬತ್ತು ಭಾಗ. ಅದರ ಕೊನೆಯ ಭಾಗ ಕೌತುಕನಿಧಿಯಲ್ಲಿ ಆಟಗಳೂ ಇವೆ. ಇಸ್ಪೀಟಿನ ಹಾಗಿರುವ ಗಂಜೀಫಾದಲ್ಲಿ ಹೊಸ ಹೊಸ ಕಟ್ಟು ಮಾಡಿದರು. ಒಂದು ಕಟ್ಟಿನಲ್ಲಿ 360 ಎಲೆ! ಅಷ್ಟನ್ನು ಕೈಯಲ್ಲಿ ಹಿಡಿಯುವುದು ಹೇಗೋ. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಚಿತ್ರಗಳನ್ನು ಬರೆಸಿದರು.

ಎಲ್ಲದಕ್ಕಿಂತ ಅವರಿಗೆ ಇಷ್ಟವಾದದ್ದು ಕುದುರೆಯ ಆಟ ಅಂತ ಕಾಣುತ್ತದೆ. ಆಟ ಹೀಗೆ. ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ ಹಾರುತ್ತದೆ. ಹೀಗೆ ಹಾರುತ್ತಾ ಹಾರುತ್ತಾ 64 ಮನೆಗೂ ಹೋಗಬೇಕು. ಯಾವ ಮನೆಗೂ ಎರಡು ಸಲ ಹೋಗಬಾರದು, ಯಾವ ಮನೆಯೂ ಬಿಟ್ಟುಹೋಗಬಾರದು. ಹೋದ ಮನೆಗೆ 1, 2, 3 ಎಂದು ನಂಬರ್ ಬರೆಯಬೇಕು. ಅರಸರು ಇದಕ್ಕೆ ಬೇರೆ ಬೇರೆ ದಾರಿ ಹುಡುಕಿ ರೇಷ್ಮೆ ಬಟ್ಟೆಯ ಮೇಲೂ ಹಾಕಿಸಿದರು. ಅವರ ಒಂದು ದಾರಿಯಲ್ಲಿ ಯಾವ ಅಡ್ಡ ಸಾಲು ಕೂಡಿಸಿದರೂ 260, ಯಾವ ಉದ್ದ ಸಾಲು ಕೂಡಿಸಿದರೂ 260. ಕುದುರೆಯೂ ತಪ್ಪುವುದಿಲ್ಲ, ಲೆಕ್ಕವೂ ತಪ್ಪುವುದಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಮಾಡಿದ್ದು ಹೇಗೆ ಅಂತ ಯೋಚಿಸಿದರೆ ತಲೆ ತಿರುಗುತ್ತದೆ. ಹೊರಟ ಮನೆಗೇ ತಿರುಗಿ ಬರುವಂಥ ದಾರಿಗಳೇ 13 ಲಕ್ಷ ಕೋಟಿಗಿಂತ ಹೆಚ್ಚು ಇವೆ ಎಂದು 1997ರಲ್ಲಿ ಕಂಪ್ಯೂಟರಿನಿಂದ ಲೆಕ್ಕ ಹಾಕಿದ್ದಾರೆ. ಅಷ್ಟಿದ್ದರೂ ನಾವು ಆಡಲು ಕೂತರೆ ಒಂದೂ ಸಿಗುವುದಿಲ್ಲ!

64 ಮನೆ ನಮಗೆ ಕಷ್ಟ. ಮೊದಲು 12 ಮನೆಯಲ್ಲಿ ಆಡಿ ಕಾಣಿ. ದಾರಿ ಇದು:

1 – 4 – 7 – 10
8 – 11 – 2 – 5
3 – 6 – 9 – 12

ಬೆರಳಿಟ್ಟು 1ರಿಂದ 12ರ ತನಕ ಹೋಗಿ. ಎಲ್ಲಾ ಕುದುರೆಯ ಹಾರುವಿಕೆಯೇ. ನಾಲ್ಕು ನಾಲ್ಕು ಹದಿನಾರು ಮನೆಯಲ್ಲಿ ಮಾತ್ರ ಕೂರಬೇಡಿ, ಅದು ಆಗುವುದೇ ಇಲ್ಲ. ನಾನು ಗೊತ್ತಿಲ್ಲದೆ ಎರಡು ದಿನ ಹಾಳು ಮಾಡಿದೆ. ಐದೈದು 25 ಮನೆಯಲ್ಲಿ ಆಗುತ್ತದೆ, ಆದರೆ ಮೂಲೆಯ ಪಕ್ಕದ ಮನೆಯಿಂದ ಶುರು ಮಾಡಿದರೆ ಆಗುವುದಿಲ್ಲ. ಯಾಕೆಂದರೆ ಮೂಲೆ ಬಿಳಿ ಇದ್ದರೆ ಬಿಳಿ ಮನೆ 13, ಕಪ್ಪು 12. ಕುದುರೆ ಒಂದು ಸಲ ಬಿಳಿ, ಒಂದು ಸಲ ಕಪ್ಪು ಹೀಗೆ ಹಾರುತ್ತದೆ. ಕಪ್ಪಿನಿಂದ ಹೊರಟರೆ 13 ಕಪ್ಪು ಬೇಕಾಗುತ್ತದೆ, ಒಂದು ಕಮ್ಮಿ ಬೀಳುತ್ತದೆ. ಆದ್ದರಿಂದ ಮೂಲೆಯಿಂದಲೇ ಹೊರಡಿ. ಇನ್ನೊಂದು ಉಪಾಯವನ್ನು ಜರ್ಮನಿಯ ವಾರ್ನ್ಸ್‌ಡಾರ್ಫ್ ಎಂಬವರು 1823ರಲ್ಲಿ ಹೇಳಿದ್ದಾರೆ. ಮುಂದೆ ಎಲ್ಲಿಗೆ ಹಾರುವುದು ಅಂತ ಅನುಮಾನ ಬಂದರೆ, ಯಾವ ಮನೆಯಿಂದ ಹೊರಗೆ ಹೋಗಲು ದಾರಿ ಕಮ್ಮಿ ಇದೆಯೋ ಅಲ್ಲಿಗೆ ಮೊದಲು ಹೋಗಬೇಕು. ಸುಲಭದ ಮನೆ ಆಮೇಲೂ ಸಿಗುತ್ತದೆ, ಮೂಲೆಯ ಮನೆ ಸಿಗುವುದಿಲ್ಲ.

ಆಟ ಆಡುತ್ತಾ ಅರಸರು ರಾಜ್ಯವನ್ನು ಮರೆತರು ಅಂತ ತಿಳಿಯಬೇಡಿ. ರಾಜ್ಯ ವಾಪಸ್ ಕೊಡಿ ಎಂದು ಬ್ರಿಟಿಷರನ್ನು ಕೇಳುತ್ತಲೇ ಇದ್ದರು. ಗವರ್ನರ್ ಜನರಲ್‌ಗಳು ಬದಲಾದರು, ಉತ್ತರ ಬದಲಾಗಲಿಲ್ಲ. ಅವರಿಗೆ ಪಟ್ಟಕ್ಕೆ ಗಂಡುಮಕ್ಕಳಿರಲಿಲ್ಲ. ತಮ್ಮ ನಂತರ ರಾಜ್ಯ ಪೂರ್ತಿ ಹೋದೀತು ಎಂಬ ಹೆದರಿಕೆ ಇತ್ತು. 1865ರಲ್ಲಿ ಮಗಳ ಮಗ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಬ್ರಿಟಿಷರು ಅದನ್ನು ಒಪ್ಪಿದ್ದು 1867ರಲ್ಲಿ. ಮರುವರ್ಷ, 1868ರ ಮಾರ್ಚ್ 27ರಂದು, ಅರಸರು ತೀರಿಕೊಂಡರು. ಅವರಿಗೆ 73 ವರ್ಷವಾಗಿತ್ತು. 1881ರ ಮಾರ್ಚ್‌ನಲ್ಲಿ ರಾಜ್ಯ ಚಾಮರಾಜೇಂದ್ರ ಒಡೆಯರ ಕೈಗೆ ಬಂತು. ಕಿತ್ತುಕೊಂಡು ಸರಿಯಾಗಿ ಐವತ್ತನೇ ವರ್ಷ.

25 ಮನೆಯ ದಾರಿ ಸಿಕ್ಕಿದವರು ಬೇರೆ ಹಾಳೆಯಲ್ಲಿ ಬರೆದು ನನಗೆ ಕೊಡಿ, ಮುಂದಿನ ಸಂಚಿಕೆಯಲ್ಲಿ ಅಂಟಿಸುತ್ತೇನೆ. ದಯವಿಟ್ಟು ಈ ಹಾಳೆಯ ಮೇಲೆ ಪೆನ್ನಿನಿಂದ ಗೀಚಬೇಡಿ.