ವಿಶ್ವೇಶ್ವರಯ್ಯನವರ ತಾನಾಗಿ ತೆರೆಯುವ ಗೇಟು ಮೊದಲು ಬಂದಿದ್ದು ಕೆಆರ್‌ಎಸ್‌ಗೆ ಅಲ್ಲ

ಮಳೆ ಜೋರಾದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಡ್ಯಾಂ ಗೇಟ್ ತೆಗೆದರಂತೆ, ಇಲ್ಲ ಇನ್ನೂ ತೆಗೆದಿಲ್ಲವಂತೆ ಎಂಬ ಫಾರ್ವರ್ಡ್‌ಗಳು ಶುರುವಾಗುತ್ತವೆ. ಅದೇ ಹೊತ್ತಿಗೆ ಸೆಪ್ಟೆಂಬರ್ 15 ಬರುತ್ತದೆ. ಜೊತೆಗೆ ಮೈಸೂರು ಪೇಟ ತೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊ ಬರುತ್ತದೆ. ನೀರು ತುಂಬಿದರೆ ತಾನಾಗಿ ತೆರೆಯುವ ಗೇಟನ್ನು ಅವರು ಮೊದಲ ಬಾರಿಗೆ ಕೆಆರ್‌ಎಸ್‌ಗೆ ಹಾಕಿದರು ಎಂದು ಎಷ್ಟೋ ಕಡೆ ಓದಿರುತ್ತೀರಿ. ಗೇಟು ನಿಜ, ರೂಪಿಸಿದವರೂ ಅವರೇ. ಆದರೆ ಊರು ಬೇರೆ, ಕಾಲವೂ ಬೇರೆ. ಆ ಗೇಟು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಮೊದಲ ಬಗೆಯ ಫಾರ್ವರ್ಡ್‌ಗಳನ್ನೂ ಸರಿಯಾಗಿ ಓದಬಹುದು ಎನ್ನುವುದು ನಮ್ಮ ಅನಿಸಿಕೆ.

ಮುದ್ದೇನಹಳ್ಳಿಯ ಹುಡುಗ

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ ಅವರ ಊರು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಹುಟ್ಟಿದ ವರ್ಷ ಕೆಲವೆಡೆ 1860, ಕೆಲವೆಡೆ 1861 ಎಂದಿದೆ. ಆದ್ದರಿಂದ ನಿಮ್ಮ ಗ್ರೂಪ್‌ನಲ್ಲಿ ಎರಡೂ ಕಂಡರೆ ಜಗಳ ಬೇಡ. ತಂದೆ ಬೇಗ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿಎ ಮುಗಿಸಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರ್ ಆಗಿ ಸೇರಿದರು.

ಸೇರಿದ ಹೊಸದರಲ್ಲೇ ಅವರಿಗೆ ಸಿಕ್ಕಿದ್ದು ನೀರು ದಾಟಿಸುವ ಕೆಲಸ. ಧುಳೆ ಬಳಿ ಪಾಂಝರಾ ಹೊಳೆಯಲ್ಲಿ ಪೈಪ್ ಸೈಫನ್ ಹಾಕಿದರು. ಆಮೇಲೆ ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿದರು. ಮುಂದೆ ಏಡನ್‌ಗೂ ಹೋಗಿಬಂದರು. ನಮ್ಮ ಕಥೆ ಇರುವುದು ಪುಣೆಯಲ್ಲಿ.

ಖಡಕ್‌ವಾಸ್ಲಾದ ತೊಂದರೆ

ಪುಣೆಗೆ ನೀರು ಕೊಡುತ್ತಿದ್ದದ್ದು ಮುಠಾ ಹೊಳೆಯ ಖಡಕ್‌ವಾಸ್ಲಾ ಅಣೆಕಟ್ಟೆ. ಅದರ ಕೆರೆಗೆ ಆಗ ಲೇಕ್ ಫೈಫ್ ಎಂದು ಹೆಸರು. ನೀರು ಸಾಲುತ್ತಿರಲಿಲ್ಲ. ಇನ್ನಷ್ಟು ಹಿಡಿದಿಡೋಣವೆಂದರೆ ಕೋಡಿಯ ಎತ್ತರವೇ ಅಡ್ಡಿ. ಕೋಡಿಗೆ ಕಾಯಂ ಗೋಡೆ ಏರಿಸಿದರೆ ಪ್ರವಾಹ ಬಂದಾಗ ನೀರಿಗೆ ದಾರಿ ಇಲ್ಲದೆ ಕಟ್ಟೆಗೇ ಅಪಾಯ. ಕೈಯಿಂದ ತೆಗೆಯುವ ಗೇಟು ಇಟ್ಟರೆ, ನಡುರಾತ್ರಿ ನೀರು ಏರಿದಾಗ ಅಲ್ಲಿಗೆ ಹೋಗಿ ತೆಗೆಯುವವರು ಯಾರು? ನಮ್ಮ ಕೆರೆಗಳಲ್ಲಿ ತೂಬು ಎತ್ತಲು ನೀರುಗಂಟಿ ಇರುತ್ತಿದ್ದ. ಅವನು ಬರುವುದು ತಡವಾದರೆ ಕಟ್ಟೆಯೇ ಒಡೆಯಬಹುದು.

ಆದ್ದರಿಂದ ವಿಶ್ವೇಶ್ವರಯ್ಯ ಗೇಟು ತೆಗೆಯುವ ಕೆಲಸವನ್ನು ನೀರಿಗೇ ವಹಿಸಿದರು. ನಿಮ್ಮ ಮನೆ ಮೇಲಿನ ಟ್ಯಾಂಕ್ ನೆನಪಿಸಿಕೊಳ್ಳಿ. ಒಳಗೆ ಕಡ್ಡಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಚೆಂಡು ತೇಲುತ್ತಿರುತ್ತದೆ. ನೀರು ಏರಿದರೆ ಚೆಂಡೂ ಏರಿ ವಾಲ್ವ್ ಮುಚ್ಚುತ್ತದೆ. ಖಡಕ್‌ವಾಸ್ಲಾದ ಲೆಕ್ಕಾಚಾರ ಇದಕ್ಕೆ ತಿರುಗುಮುರುಗು: ನೀರು ಏರಿದರೆ ತೆರೆಯಬೇಕು. ಗೇಟಿನ ಭಾರಕ್ಕೆ ಸಮನಾದ ಎದುರು ಭಾರವನ್ನು ಒಂದು ಗುಂಡಿಯಲ್ಲಿ ಇಟ್ಟು ಎರಡನ್ನೂ ತಕ್ಕಡಿಯಂತೆ ತೂಗುಹಾಕಿದರು. ಕೆರೆಯ ನೀರು ನಿಗದಿತ ಮಟ್ಟ ದಾಟಿದರೆ ಆ ಗುಂಡಿಗೆ ಹರಿದು ತಕ್ಕಡಿಯ ಸಮತೋಲ ತಪ್ಪಿಸುತ್ತದೆ, ಗೇಟು ತೆರೆಯುತ್ತದೆ. ಮಟ್ಟ ಇಳಿದರೆ ಗುಂಡಿಯೂ ಬರಿದಾಗಿ ಗೇಟು ಮುಚ್ಚಿಕೊಳ್ಳುತ್ತದೆ. ಇದಕ್ಕೆ ಕರೆಂಟೂ ಬೇಡ, ಕಾವಲುಗಾರನೂ ಬೇಡ. ಕೆರೆಯಲ್ಲಿ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲಿಸಲು ಇದರಿಂದ ಸಾಧ್ಯವಾಯಿತು.

ಇದು 1903ರ ಮಾತು. ಕೆಆರ್‌ಎಸ್ ಕೆಲಸ ಶುರುವಾಗಿದ್ದು 1911ರಲ್ಲಿ. ಗೇಟಿಗೆ ಅವರು ಪೇಟೆಂಟ್ ಪಡೆದರು. ಆದರೆ ಸರ್ಕಾರಿ ನೌಕರನಾಗಿ ತಾನೇ ಮಾಡಿದ ಕೆಲಸವೆಂದು ಅದಕ್ಕೆ ಬರಬೇಕಿದ್ದ ರಾಯಧನವನ್ನು ಬೇಡವೆಂದರು. ಅದೇ ಬಗೆಯ ಗೇಟು ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟೆಗೆ ಹೋಯಿತು. ಕೆಆರ್‌ಎಸ್‌ಗೆ ಬಂದಿದ್ದು ಅದರ ನಂತರ.

ಫಾರ್ವರ್ಡ್‌ಗಳಲ್ಲಿ ಇನ್ನೊಂದು ಗೊಂದಲವಿದೆ. ಈ ಗೇಟನ್ನೇ ಬ್ಲಾಕ್ ಸಿಸ್ಟಂ ಎಂದು ಬರೆಯುತ್ತಾರೆ. ಬ್ಲಾಕ್ ಸಿಸ್ಟಂ ಯಂತ್ರವಲ್ಲ. ಕಾಲುವೆ ನೀರನ್ನು ಹೊಲಗಳಿಗೆ ಬ್ಲಾಕ್ ಬ್ಲಾಕ್ ಆಗಿ, ಬೆಳೆ ಬದಲಿಸುತ್ತಾ ಹಂಚುವ ಪದ್ಧತಿ ಅದು. ಅದೂ ಅವರದೇ, ಆದರೆ ಬೇರೆ.

ಮೈಸೂರಿಗೆ

1908ರ ಸೆಪ್ಟೆಂಬರ್ 28ರಂದು ಮೂಸಿ ಹೊಳೆ ಹೈದರಾಬಾದನ್ನು ಮುಳುಗಿಸಿತು. ಬಾಂಬೆ ಕೆಲಸ ಬಿಡುವ ಹಂತದಲ್ಲಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಕರೆಸಿಕೊಂಡಿತು. ಊರಿನ ಮೇಲ್ಗಡೆ ಜಲಾಶಯ ಕಟ್ಟಿ ಪ್ರವಾಹ ಹಿಡಿದಿಡಿ ಎನ್ನುವುದು ಅವರ ಸಲಹೆ. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಬಂದಿದ್ದು ಹಾಗೆ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಈ ವರ್ಷಗಳ ಬಗ್ಗೆ ನಿಮಗೆ ಸಾಕಷ್ಟು ಫಾರ್ವರ್ಡ್ ಬಂದಿರುತ್ತವೆ, ಇಲ್ಲಿ ಮತ್ತೆ ಬೇಡ.

ಚನ್ನಪಟ್ಟಣ ತಾಲ್ಲೂಕಿನ ಕಣ್ವ ಜಲಾಶಯ ಆಗಿದ್ದು 1946ರಲ್ಲಿ. ಅವರು ದಿವಾನಗಿರಿ ಬಿಟ್ಟು ಆಗಲೇ 28 ವರ್ಷವಾಗಿತ್ತು. ಅಲ್ಲೂ ಹೆಚ್ಚುವರಿ ನೀರು ತಾನಾಗಿ ಹೊರಹೋಗುತ್ತದೆ, ಆದರೆ ಉಪಾಯ ಬೇರೆ: ಸೈಫನ್. ಬೈಕಿನಿಂದ ಪೆಟ್ರೋಲ್ ತೆಗೆಯಲು ಪೈಪ್ ಹಾಕಿ ಒಮ್ಮೆ ಎಳೆದುಬಿಟ್ಟರೆ ಆಮೇಲೆ ತಾನೇ ಇಳಿಯುತ್ತಲ್ಲ, ಅದೇ. ನೀರು ಬಾಗಿದ ಕೊಳವೆಯ ನೆತ್ತಿ ದಾಟಿ ಒಳಗಿನ ಗಾಳಿಯನ್ನು ಹೊರದೂಡಿದರೆ ಹರಿವು ಪೂರ್ಣ ರಭಸಕ್ಕೆ ಬರುತ್ತದೆ. ಮಟ್ಟ ಇಳಿದು ಗಾಳಿ ಒಳನುಗ್ಗಿದರೆ ನಿಲ್ಲುತ್ತದೆ.

ಇಲ್ಲಿಯೇ ಎಚ್ಚರ ಬೇಕಿರುವುದು. ಇಂಥ ಕಡೆ ನೀರು ಬಿಡಲು ಯಾರೂ ಗೇಟ್ ತೆಗೆಯಬೇಕಾಗಿಲ್ಲ. ಇನ್ನೂ ತೆಗೆದಿಲ್ಲವಂತೆ ಎಂಬ ಮೆಸೇಜ್ ನಂಬಿ ಕೆಳಗಿನ ಹೊಳೆಯಲ್ಲಿ ಈಜಲು, ದನ ತೊಳೆಯಲು, ರೀಲ್ಸ್ ಮಾಡಲು ಇಳಿಯುವುದು ತಪ್ಪು ಲೆಕ್ಕ. ಜಲಾಶಯ ತುಂಬಿದೆ ಎಂದರೆ ಸಾಕು, ದೂರ ಇರಿ. 2022ರ ಆಗಸ್ಟ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯೇ ರಾಮನಗರದ ಬಳಿ ಮುಳುಗಿದ್ದನ್ನು ಕಂಡವರಿಗೆ ನೀರಿನ ವೇಗ ಗೊತ್ತು.

ಇದೇ ಉಪಾಯ ಈಗ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿದೆ. ಸಿಡಿಯಂಥ ಬಿಲ್ಲೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಕಾಲುವೆ ಕೊರೆದು ಒಂದು ಹನಿ ರಕ್ತ ಪರೀಕ್ಷಿಸುವ ಸಾಧನಗಳಿವೆ. ಬಿಲ್ಲೆ ಜೋರಾಗಿ ತಿರುಗುವಾಗ ದ್ರವ ಒಂದೆಡೆ ಕಾಯುತ್ತದೆ. ವೇಗ ತಗ್ಗಿಸಿದರೆ ಪುಟ್ಟ ಸೈಫನ್ ಏರಿ ಮುಂದಿನ ಕೋಣೆಗೆ ದಾಟುತ್ತದೆ. ಅಷ್ಟು ಸಣ್ಣ ದಾರಿಯಲ್ಲಿ ದ್ರವವನ್ನು ನೆತ್ತಿಯವರೆಗೆ ಏರಿಸುವುದು ಬತ್ತಿ ಎಣ್ಣೆ ಹೀರುವಂಥ ಸೆಳೆತ. ಅಲ್ಲೂ ವಾಲ್ವ್ ತಿರುಗಿಸುವ ಕೈ ಇಲ್ಲ.

1961

1955ರಲ್ಲಿ ವಿಶ್ವೇಶ್ವರಯ್ಯನವರಿಗೆ ಭಾರತ ರತ್ನ ಬಂತು. 1960ರ ಸೆಪ್ಟೆಂಬರ್ 15ರಂದು, ಅವರು ಬದುಕಿರುವಾಗಲೇ, ಅಂಚೆಚೀಟಿ ಬಂತು. ಮರುವರ್ಷ ಜುಲೈ 12ರಂದು ಖಡಕ್‌ವಾಸ್ಲಾದ ಮೇಲ್ಗಡೆ ಹೊಸದಾಗಿ ಕಟ್ಟುತ್ತಿದ್ದ ಪಾನ್‌ಶೆತ್ ಮಣ್ಣಿನ ಅಣೆಕಟ್ಟೆ ಒಡೆಯಿತು. ಒಂದು ಜಲಾಶಯದ ನೀರು ಒಟ್ಟಿಗೇ ಇಳಿದುಬಂತು. ಗೇಟು ಎಷ್ಟೇ ಚುರುಕಾಗಿದ್ದರೂ ಬಿಡಬಲ್ಲ ನೀರಿಗೆ ಒಂದು ಮಿತಿ ಇರುತ್ತದೆ. ಆ ದಿನ ಬಂದ ನೀರು ಅದನ್ನು ಎಲ್ಲೋ ಮೀರಿತ್ತು. ಖಡಕ್‌ವಾಸ್ಲಾ ಕಟ್ಟೆಯೂ ಒಡೆದು ಪುಣೆಯ ಪೇಟೆಗಳೊಳಗೆ ಹೊಳೆ ನುಗ್ಗಿತು.

ಒಡೆದ ಭಾಗವನ್ನು ಆಮೇಲೆ ಮತ್ತೆ ಕಟ್ಟಿದರು. 1962ರ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯ ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ.