ಅಣೆಕಟ್ಟು ಒಡೆದ ವೈಮಾನಿಕ: ಗೈ ಗಿಬ್ಸನ್

ಎರಡನೇ ಮಹಾಯುದ್ಧದ ಪ್ರಸಿದ್ಧ ಬಾಂಬರ್ ವೈಮಾನಿಕ ಗೈ ಗಿಬ್ಸನ್ ಹುಟ್ಟಿದ್ದು ನಮ್ಮ ದೇಶದ ಶಿಮ್ಲಾದಲ್ಲಿ, 1918ರ ಆಗಸ್ಟ್ 12ರಂದು. ತಂದೆ ಬ್ರಿಟಿಷ್ ಭಾರತದ ಅರಣ್ಯ ಇಲಾಖೆಯ ಅಧಿಕಾರಿ. ಬಾಲಕನಿಗೆ ಆರು ವರ್ಷವಾದಾಗ ತಾಯಿ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಮರಳಿದರು. ಆಕ್ಸ್‌ಫರ್ಡ್‌ನ ಸೇಂಟ್ ಎಡ್ವರ್ಡ್ಸ್ ಶಾಲೆಯಲ್ಲಿ ಓದಿದ ಗಿಬ್ಸನ್ 1936ರಲ್ಲಿ ರಾಯಲ್ ಏರ್ ಫೋರ್ಸ್ ಸೇರಿದರು. 1939ರಲ್ಲಿ ಯುದ್ಧ ಘೋಷಣೆಯಾದ ದಿನವೇ ಅವರು ಬಾಂಬರ್ ವಿಮಾನದಲ್ಲಿ ಹಾರಿದ್ದರು.

ಅಭ್ಯಾಸ ಬೋಧನೆಯಲ್ಲಿ ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಪಾಠ ನನ್ನ ಪಾಲಿಗೆ ಬಂದಿತ್ತು. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ ಎಂಬುದನ್ನು ತೂತು ಮಾಡಿದ ಬಾಟಲಿಯಿಂದ ತೋರಿಸಬಹುದು. ಅದರ ಜೊತೆಗೆ ಮಕ್ಕಳ ಮನಸ್ಸಿನಲ್ಲಿ ಉಳಿಯುವ ಒಂದು ನೈಜ ಘಟನೆ ಬೇಕೆನಿಸಿ ನಾನು ಗಿಬ್ಸನ್ ಅವರ ಜೀವನವನ್ನು ಆರಿಸಿಕೊಂಡೆ.

ಜರ್ಮನಿಯ ರೂರ್ ಪ್ರದೇಶದ ಕಾರ್ಖಾನೆಗಳಿಗೆ ನೀರು ಒದಗಿಸುತ್ತಿದ್ದ ಅಣೆಕಟ್ಟುಗಳನ್ನು ಒಡೆಯಲು ಎಂಜಿನಿಯರ್ ಬಾರ್ನ್ಸ್ ವಾಲಿಸ್ ಒಂದು ಬಾಂಬ್ ರೂಪಿಸಿದ್ದರು. ಕೆರೆಯ ಮೇಲೆ ಎಸೆದ ಚಪ್ಪಟೆ ಕಲ್ಲು ಪುಟಿಯುತ್ತಾ ಹೋಗುವಂತೆ ಅದು ನೀರಿನ ಮೇಲೆ ಪುಟಿದು, ರಕ್ಷಣಾ ಬಲೆಗಳನ್ನು ದಾಟಿ ಗೋಡೆಗೆ ತಗುಲಬೇಕಿತ್ತು. ನಿಮಿಷಕ್ಕೆ ಸುಮಾರು 500 ಸುತ್ತು ಹಿಮ್ಮುಖವಾಗಿ ತಿರುಗುತ್ತಿದ್ದ ಕಾರಣ ಗೋಡೆಯನ್ನು ಒತ್ತಿಕೊಂಡೇ ಮುಳುಗುತ್ತಿತ್ತು. ಸುಮಾರು 9 ಮೀಟರ್ ಆಳದ ನೀರಿನ ಒತ್ತಡವೇ ಅದನ್ನು ಸಿಡಿಸುತ್ತಿತ್ತು.

ಬಾಂಬನ್ನು ನೀರಿನಿಂದ ಕೇವಲ 60 ಅಡಿ ಎತ್ತರದಲ್ಲಿ ಬೀಳಿಸಬೇಕು, ಅದೂ ರಾತ್ರಿಯಲ್ಲಿ. ಅದಕ್ಕಾಗಿ ವಿಮಾನದ ಅಡಿಯಲ್ಲಿ ಎರಡು ದೀಪಗಳನ್ನು ಓರೆಯಾಗಿ ಜೋಡಿಸಿದರು. ಎರಡೂ ಬೆಳಕಿನ ವೃತ್ತಗಳು ನೀರಿನ ಮೇಲೆ ಒಂದಕ್ಕೊಂದು ತಾಗಿದರೆ ಎತ್ತರ ಸರಿ ಎಂದರ್ಥ. ಇದನ್ನು ಕಪ್ಪುಹಲಗೆಯ ಮೇಲೆ ತ್ರಿಭುಜ ಬರೆದು ತೋರಿಸಿದಾಗ ಹಿಂದಿನ ಬೆಂಚಿನವರೂ ಎದ್ದು ನಿಂತು ನೋಡಿದರು.

1943ರ ಮೇ 16ರ ರಾತ್ರಿ 19 ಲ್ಯಾಂಕಾಸ್ಟರ್ ವಿಮಾನಗಳು ಹೊರಟವು. ಒಂದೊಂದರಲ್ಲಿ ಏಳು ಜನ, ಒಟ್ಟು 133 ಮಂದಿ. ನಾಯಕ ಗಿಬ್ಸನ್‌ಗೆ ಆಗ 24 ವರ್ಷ. ಮೋನೆ ಅಣೆಕಟ್ಟಿನ ಮೇಲೆ ಮೊದಲ ಬಾಂಬ್ ಹಾಕಿದವರು ಅವರೇ, ಗೋಡೆ ಒಡೆಯಲಿಲ್ಲ. ಅವರ ಹಿಂದೆ ಬಂದ ವಿಮಾನ ಗುಂಡೇಟಿಗೆ ಉರುಳಿತು. ತಮ್ಮ ಬಾಂಬ್ ಮುಗಿದಿದ್ದರೂ ಗಿಬ್ಸನ್ ದೂರ ಸರಿಯದೆ, ಶತ್ರುಗಳ ಫಿರಂಗಿಗಳು ತಮ್ಮತ್ತ ತಿರುಗಲಿ ಎಂದು ಉಳಿದವರ ಪಕ್ಕದಲ್ಲೇ ಹಾರಿದರು. ಐದನೇ ಬಾಂಬಿಗೆ ಮೋನೆ ಒಡೆಯಿತು, ಆಮೇಲೆ ಎಡರ್ ಕೂಡ. ಮಣ್ಣಿನ ಏರಿಯ ಸೋರ್ಪೆ ಮಾತ್ರ ನಿಂತಿತು. ಎಂಟು ವಿಮಾನಗಳು ಮರಳಲಿಲ್ಲ. 53 ಮಂದಿ ಸತ್ತರು, ಮೂವರು ಸೆರೆಯಾದರು. ಗಿಬ್ಸನ್‌ಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು.

ಪಾಠಯೋಜನೆಯಲ್ಲಿ ನಾನು ಕಥೆಯನ್ನು ಇಲ್ಲಿಗೆ ನಿಲ್ಲಿಸಲು ಬರೆದುಕೊಂಡಿದ್ದೆ. ಆದರೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಮನೆಯ ಹುಡುಗಿಯೊಬ್ಬಳು, ಅಣೆಕಟ್ಟಿನ ಕೆಳಗಿನ ಊರುಗಳ ಜನ ಏನಾದರು ಎಂದು ಕೇಳಿದಳು. ಉತ್ತರ ನನಗೆ ಗೊತ್ತಿತ್ತು, ಹೇಳಿದೆ. ಪ್ರವಾಹದಲ್ಲಿ 1,300ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನೂರಾರು ಮಂದಿ ಜರ್ಮನರು ಬಲವಂತದ ದುಡಿಮೆಗೆ ಹಿಡಿದು ತಂದಿದ್ದ ಹೊರದೇಶದವರು. ನೇಹೈಮ್ ಊರಿನ ಶಿಬಿರದಲ್ಲಿ ಸೋವಿಯತ್ ದೇಶದ ಹೆಂಗಸರೇ ಬಹಳ ಇದ್ದರು. ಒಡೆದ ಮೋನೆ ಗೋಡೆಯನ್ನು ಜರ್ಮನರು ಅದೇ ವರ್ಷ ಮತ್ತೆ ಕಟ್ಟಿದರು. ತರಗತಿ ಮೌನವಾಯಿತು. ಆ ಮೌನವನ್ನು ತುಂಬಲು ನಾನು ಆತುರಪಡಲಿಲ್ಲ.

ದಾಳಿಯ ಬಳಿಕ ಗಿಬ್ಸನ್ ಅವರನ್ನು ಯುದ್ಧದ ಹಾರಾಟದಿಂದ ಬಿಡಿಸಿ, ಉಪನ್ಯಾಸ ಪ್ರವಾಸಕ್ಕೆ ಕೆನಡಾ, ಅಮೆರಿಕಗಳಿಗೆ ಕಳಿಸಿದರು. ಕಚೇರಿ ಕೆಲಸದಲ್ಲಿದ್ದಾಗ ಅವರು ತಮ್ಮ ಅನುಭವಗಳನ್ನು ಬರೆದರು. ಆ ಪುಸ್ತಕ ಅಚ್ಚಾಗಿ ಬಂದದ್ದು 1946ರಲ್ಲಿ, ಅವರು ತೀರಿಕೊಂಡ ಮೇಲೆ. ಮೇಜಿನ ಮುಂದೆ ಕೂರಲು ಅವರಿಗೆ ಮನಸ್ಸಿರಲಿಲ್ಲ, ಹಾರಲು ಅನುಮತಿ ಕೇಳುತ್ತಲೇ ಇದ್ದರು. 1944ರ ಸೆಪ್ಟೆಂಬರ್ 19ರ ರಾತ್ರಿ ಜರ್ಮನಿಯ ರೈಟ್ ಮತ್ತು ಮ್ಯೂನ್‌ಷೆನ್‌ಗ್ಲಾಡ್‌ಬಾಖ್ ಮೇಲಿನ ದಾಳಿಯನ್ನು ಮಾಸ್ಕಿಟೋ ವಿಮಾನದಿಂದ ನಿರ್ದೇಶಿಸಿ ಮರಳುವಾಗ, ನೆದರ್ಲೆಂಡ್ಸ್‌ನ ಸ್ಟೇನ್‌ಬರ್ಗನ್ ಎಂಬಲ್ಲಿ ವಿಮಾನ ನೆಲಕ್ಕಪ್ಪಳಿಸಿತು. ಗಿಬ್ಸನ್ ಮತ್ತು ದಾರಿಸೂಚಕ ಜಿಮ್ ವಾರ್ವಿಕ್ ಇಬ್ಬರೂ ಸತ್ತರು. ಇಬ್ಬರ ಸಮಾಧಿಗಳೂ ಅಲ್ಲೇ ಇವೆ. ಗಿಬ್ಸನ್‌ಗೆ ಆಗ 26 ವರ್ಷ, ಹೆಚ್ಚುಕಡಿಮೆ ಈಗಿನ ನನ್ನ ವಯಸ್ಸು. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಜನ ಹೀಗೆಯೇ ಪ್ರಾಣ ಕಳೆದುಕೊಂಡರು.

ವಿಜ್ಞಾನಿಗಳ, ಸಾಹಸಿಗಳ ಜೀವನ ಹೇಳುವಾಗ ಅವರ ಧೈರ್ಯವನ್ನು ಮಾತ್ರ ಹೇಳಿ ಮುಗಿಸುವುದು ನಮಗೆ ಸುಲಭ. ಗಿಬ್ಸನ್ ಧೈರ್ಯಶಾಲಿ ಎಂಬುದೂ ನಿಜ, ನೇಹೈಮ್‌ನ ಹೆಂಗಸರು ಮುಳುಗಿದ್ದೂ ನಿಜ. ಆ ಬಾಂಬ್ ರೂಪಿಸಿದ ವಾಲಿಸ್ ಸಹ ಮರಳಿ ಬಾರದ ವೈಮಾನಿಕರಿಗಾಗಿ ಬಹುಕಾಲ ನೊಂದರು. ಯುದ್ಧಾನಂತರ ಸರ್ಕಾರದಿಂದ ಬಂದ 10,000 ಪೌಂಡ್ ಬಹುಮಾನವನ್ನು ತಾವು ಓದಿದ್ದ ಶಾಲೆಗೆ ಕೊಟ್ಟು, ಮಡಿದ ವೈಮಾನಿಕರ ಮಕ್ಕಳ ಓದಿಗೆ ನೆರವಾದರು.

ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಕೊನೆಯ ಹತ್ತು ನಿಮಿಷ ಆ ಹುಡುಗಿಯ ಪ್ರಶ್ನೆಗೆ ಮೀಸಲಿಡಿ. ಯಾರೂ ಕೇಳದಿದ್ದರೆ ನೀವೇ ಕೇಳಿ.